ಬೆಲ್ಲ, ನೀರು

ಹೊಸನಗರ

ಮಸ್ಕತ್ತಿನ ಕೋಣೆಯಲ್ಲಿ ಒಬ್ಬಳೇ ಉಳಿದ ಸುಮಿತ್ರಕ್ಕನಿಗೆ,

ಮನೆ ಸೇರಿದೆ. ಜಗುಲಿ ಹತ್ತಿದ್ದೇ ಮಗಳು ತಟ್ಟೆಯಲ್ಲಿ ಬೆಲ್ಲ, ನೀರು ತಂದಿಟ್ಟಳು, ಬಂದ ನೆಂಟರಿಗೆ ಇಡುವ ಹಾಗೆ! ಒಂಬತ್ತು ವರ್ಷ ಅಲ್ಲಿ ಯಾರದೋ ಮನೆಗೆ ಬೇಯಿಸಿ ಹಾಕಿದವಳನ್ನು ಇಲ್ಲಿ ಒಲೆಯ ಹತ್ತಿರ ಬಿಡುವುದಿಲ್ಲ. ಕುಡಿದ ಲೋಟ ತೊಳೆಯಲು ಹೋದರೂ ಕಸಿದುಕೊಳ್ಳುತ್ತಾಳೆ. ನಿನ್ನೆ ಬಡಿಸುತ್ತಾ ಕೇಳಿದಳು, “ಅಮ್ಮಾ, ಎಷ್ಟು ದಿನ ಇರ್ತೆ?” ಇನ್ನು ಹೋಗುವುದೇ ಇಲ್ಲವೆಂದು ಬಂದವಳು ನಾನು. ಬಾಯಿಗೆ ಬಂದದ್ದು, “ದೀಪಾವಳಿ ಮುಗಿಸ್ಕಂಡು ಹೋಗ್ತಿ.” ಅವಳು ತಲೆಯಾಡಿಸಿ ಸಾರು ಬಡಿಸಿದಳು. ಇರು ಅನ್ನಲಿಲ್ಲ.

ಫೋನ್ ಮಾಡಿದರೆ ಅವಳಿಗೆ ಕೇಳುತ್ತದೆ, ಅದಕ್ಕೇ ಕಾರ್ಡು. ನಿನ್ನ ಬಿ.ಪಿ. ಮಾತ್ರೆ ಮರೆಯಬೇಡ. ನನ್ನ ಮಂಚಕ್ಕೆ ಇನ್ನೂ ಯಾರೂ ಬಂದಿಲ್ಲ ತಾನೆ?

ವಾಣಿ