ಗುರುವಾರದ ಕನ್ನಡಿ

ಶುಕ್ರವಾರ, ಮಧ್ಯಾಹ್ನ

ಮುನಿಸು ಬಿಡದ ನನ್ನ ಯಜಮಾನರಿಗೆ,

ನಿಮ್ಮವಳ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿಲ್ಲವೆಂದು ಭಾನುವಾರ ಕಣ್ಣಾರೆ ನೋಡಿ ಬಂದಿದ್ದರಿಂದ ಕ್ಷೇಮ ಕೇಳುವ ಶಾಸ್ತ್ರ ಬಿಟ್ಟಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀವು ಹೂಂ ಅನ್ನುತ್ತೀರಿ, ಇನ್ನೊಂದು ಸಲ ಹೂಂ ಅನ್ನುತ್ತೀರಿ, ಆಮೇಲೆ ಫೋನನ್ನು ನಿಮ್ಮ ಅಕ್ಕನ ಕೈಗೆ ದಾಟಿಸುತ್ತೀರಿ. ಕಾಗದಕ್ಕೆ ಹೂಂಗುಟ್ಟಲು ಬರುವುದಿಲ್ಲ. ಪೂರ್ತಿ ಓದಬೇಕು.

ಒಪ್ಪಿಕೊಳ್ಳಬೇಕಾದ ತಪ್ಪುಗಳು ಎರಡಿವೆ. ಸಣ್ಣದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮನ್ನು ಕೇಳದೆ ಕ್ಷೌರದಂಗಡಿಯ ಬೀಗ ತೆಗೆದಿದ್ದೇನೆ. ಏಳು ವಾರವಾಯಿತು, ಪ್ರತಿ ಗುರುವಾರ ತೆಗೆಯುತ್ತೇನೆ.

ಇದಕ್ಕೆ ಕಾರಣ ನರ್ಸಮ್ಮ. ನಿಮ್ಮ ಹಾಗೆ ಕರುಳಿನ ಆಪರೇಷನ್ ಆಗಿ, ಮಲ ಹೊರಬರಲು ಹೊಟ್ಟೆಯ ಮೇಲೆ ದಾರಿ ಮಾಡಿಸಿಕೊಂಡು, ಚೀಲ ಅಂಟಿಸಿಕೊಂಡವರನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಅದನ್ನೇ ಬೇರೆಯಾಗಿ ಓದಿದ್ದಾಳೆ. ಸ್ಕೂಟರ್ ಮೇಲೆ ಹಳ್ಳಿ ಹಳ್ಳಿ ಸುತ್ತುತ್ತಾಳೆ. ಆಸ್ಪತ್ರೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಕಂಡು ಮನೆ ಹುಡುಕಿಕೊಂಡು ಬಂದಳು. ಅಕ್ಕನ ಮನೆಯಲ್ಲಿ ಗಾಳಿ ಒಳ್ಳೆಯದು, ಸುಧಾರಿಸಿಕೊಳ್ಳಲು ಹೋಗಿದ್ದಾರೆ ಎಂದು ಊರಿಗೆಲ್ಲ ಹೇಳುವ ಸುಳ್ಳನ್ನು ಅವಳಿಗೂ ಹೇಳಿದೆ. ಅವಳು ನಂಬಲಿಲ್ಲ, ಆದರೆ ಕೆದಕಲೂ ಇಲ್ಲ. ನೀರು ಕುಡಿದು, ಈ ಊರಲ್ಲಿ ದೊಡ್ಡ ಕನ್ನಡಿ ಯಾರ ಹತ್ರ ಇದೆ ಅಂತ ಕೇಳಿದಳು. ಹೊಟ್ಟೆಯ ಮೇಲಿನ ಆ ದಾರಿಯ ಕೆಳಮಗ್ಗುಲು ತನ್ನ ಕಣ್ಣಿಗೆ ತಾನೇ ಕಾಣುವುದಿಲ್ಲವಂತೆ. ಆರೋಗ್ಯ ಕೇಂದ್ರದ ಕನ್ನಡಿಯಲ್ಲಿ ಮೂಗು ಕಂಡರೆ ಕಿವಿ ಕಾಣುವುದಿಲ್ಲ. ಗೋಡೆಯಗಲದ ಕನ್ನಡಿ ಇರುವುದು ನಿಮ್ಮಲ್ಲಿ ಮಾತ್ರ, ಹಿಂದಕ್ಕೆ ವಾಲುವ ಕುರ್ಚಿಯೂ ಅಷ್ಟೇ. ಬೀಗದ ಕೈ ನನ್ನ ಹತ್ತಿರವಿತ್ತು.

ಈಗ ಗುರುವಾರ ಪರದೆ ಎಳೆದರೆ ನಾಲ್ಕು ಜನ ಸರದಿಯ ಮೇಲೆ ನಿಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಒಬ್ಬರು ಬಸ್ ಡ್ರೈವರ್. ಚೀಲ ಕಟ್ಟಿಕೊಂಡೇ ದಿನವಿಡೀ ಬಸ್ ಓಡಿಸುತ್ತಾರೆ. ಕುರ್ಚಿ ಚೆನ್ನಾಗಿದೆ, ಕಟಿಂಗ್ ಮಾಡೋರೆಲ್ಲಿ ಅಂತ ಕೇಳಿದರು. ರಜೆ ಹಾಕಿದ್ದಾರೆ ಎಂದೆ. ನಾನು ನೀರು ಕಾಯಿಸುತ್ತೇನೆ, ಟವೆಲ್ ಒಗೆಯುತ್ತೇನೆ, ಎಲ್ಲವನ್ನೂ ನೋಡಿ ಕಲಿಯುತ್ತೇನೆ. ನರ್ಸಮ್ಮ ಓದುವಾಗ ಅಲ್ಲಿನ ವಿದ್ಯಾರ್ಥಿಗಳಿಗೆಲ್ಲ ಹೊಟ್ಟೆಗೆ ಚೀಲ ಅಂಟಿಸಿ, ಹಿಟ್ಟು ಕದಡಿದ ನೀರು ತುಂಬಿ, ಎರಡು ದಿನ ಹೀಗೇ ಓಡಾಡಿ ಎಂದು ಕಳಿಸುತ್ತಿದ್ದರಂತೆ. ತಾನು ಹೊತ್ತು ನೋಡದೆ ಇನ್ನೊಬ್ಬರಿಗೆ ಧೈರ್ಯ ಹೇಳಬಾರದು ಎಂಬುದು ಅವರ ಮೊದಲ ಪಾಠ.

ಇನ್ನು ದೊಡ್ಡ ತಪ್ಪು. ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ನಿಮ್ಮ ಚೀಲ ಬಿಟ್ಟುಕೊಂಡು ಹಾಸಿಗೆಯೆಲ್ಲ ಆದಾಗ ನಾನು ಮೂಗು ಮುಚ್ಚಿಕೊಂಡು ಮುಖ ತಿರುಗಿಸಿದೆ. ನೀವು ನೋಡಿದಿರಿ. ನೀವು ನೋಡಿದ್ದು ನನಗೂ ಗೊತ್ತಾಯಿತು. ಬಿಡುಗಡೆಯಾದ ದಿನ ನೀವು ಮನೆಗೆ ಬರುವ ಬದಲು ಅಕ್ಕನ ಊರಿನ ಬಸ್ಸು ಹತ್ತಿದಿರಿ. ನಾಲ್ಕು ತಿಂಗಳಾಯಿತು. ಗಿರಾಕಿ ಕೂತ್ರೆ ಅವನ ಮೂಗು ನನ್ನ ಹೊಟ್ಟೆ ನೇರಕ್ಕೇ ಇರುತ್ತೆ, ಕಟ್ಕೊಂಡ ಹೆಂಡ್ತಿಗೇ ಆಗದ್ದು ಊರೋರಿಗೆ ಆಗುತ್ತಾ, ಇನ್ನು ಆ ಅಂಗಡಿ ಮುಗೀತು ಅಂತ ನೀವು ಹೇಳಿದ್ದನ್ನು ನಿಮ್ಮ ಅಕ್ಕ ತಡೆಯಲಾರದೆ ನನಗೆ ತಿಳಿಸಿದರು. ಅವರ ಮೇಲೆ ರೇಗಬೇಡಿ.

ಆ ದಿನ ನನಗೆ ಹೆದರಿಕೆಯಿತ್ತು, ನೀವು ಉಳಿಯುತ್ತೀರೋ ಇಲ್ಲವೋ ಎಂದು. ಆದರೆ ಮೂಗು ಮುಚ್ಚಿದ್ದು ವಾಸನೆಗೇ. ಇಪ್ಪತ್ತೆರಡು ವರ್ಷ ಬಾಳಿದ ಮೇಲೆ ನಿಮ್ಮ ಹತ್ತಿರ ಬಣ್ಣದ ಮಾತು ಆಡಲಾರೆ. ತಪ್ಪಾಯಿತು, ಕ್ಷಮಿಸಿ. ನೀವಿಲ್ಲದ ಮನೆಯಲ್ಲಿ ನನಗೆ ಅನ್ನ ಸೇರುವುದಿಲ್ಲ.

ನಿಮಗೂ ಸೇರುತ್ತಿಲ್ಲ ಎಂದು ಕಂಡೆ. ದಿನಕ್ಕೆ ಒಂದೇ ಹೊತ್ತು ಉಣ್ಣುತ್ತೀರಂತೆ, ಚೀಲ ತುಂಬದಿರಲಿ ಎಂದು. ನರ್ಸಮ್ಮ ಕೇಳಿ ತಲೆ ಚಚ್ಚಿಕೊಂಡಳು. ಖಾಲಿ ಹೊಟ್ಟೇಲಿ ಗಾಳಿ ಜಾಸ್ತಿ, ಸದ್ದೂ ಜಾಸ್ತಿ, ಹೊತ್ತುಹೊತ್ತಿಗೆ ತಿನ್ನೋಕೆ ಹೇಳಿ ಅಂದಳು. ಇನ್ನೊಂದು ವಿಷಯ. ನೀವು ಚೀಲಕ್ಕೆ ತೂತು ಕತ್ತರಿಸುವ ರಟ್ಟಿನ ಅಚ್ಚು ಅಕ್ಕನ ಮನೆಯ ಬಚ್ಚಲಲ್ಲಿತ್ತಲ್ಲ, ಅದರ ಸುತ್ತ ಪೆನ್ಸಿಲ್ ಎಳೆದು ನಕಲು ತಂದು ಅವಳಿಗೆ ನಿನ್ನೆ ತೋರಿಸಿದೆ. ಅದು ಆಪರೇಷನ್ ಆದ ವಾರದ ಅಳತೆಯಂತೆ. ಆಮೇಲೆ ಆ ದಾರಿ ಕುಗ್ಗುತ್ತದಂತೆ, ಮತ್ತೆ ಮತ್ತೆ ಅಳೆಯಬೇಕಂತೆ. ತೂತು ದೊಡ್ಡದಾದರೆ ಸುತ್ತಲಿನ ಚರ್ಮ ಬೇಯುತ್ತದೆ, ಅಂಟು ಬಿಡುತ್ತದೆ, ಸೋರುತ್ತದೆ. ಮೀಸೆಯನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕತ್ತರಿಸುವ ಕೈ, ತನ್ನ ಹೊಟ್ಟೆಗೆ ಬಳೆಯಗಲ ಕತ್ತರಿಸಿಕೊಂಡು ಕೂತಿದೆ! ಹೇಳಿಕೊಡುವವರು ಇರಲಿಲ್ಲ, ನಿಮ್ಮ ತಪ್ಪಲ್ಲ. ನರ್ಸಮ್ಮ ಅಳತೆಯ ಕಾರ್ಡ್ ಹಿಡಿದು ಅಳೆದರೆ ಹತ್ತು ನಿಮಿಷದ ಕೆಲಸ.

ಭಾನುವಾರದ ಕಟಿಂಗ್ ನೆನೆಸಿಕೊಂಡು ಬಸ್ಸಿನಲ್ಲಿ ನಕ್ಕೆ, ಕಣ್ಣೀರೂ ಹಾಕಿದೆ. ಊರಿಗೆಲ್ಲ ಕ್ಷೌರ ಮಾಡಿದವರ ತಲೆಗೆ ಕತ್ತರಿ ಹಿಡಿಯಲು ನಾನೇ ಬರಬೇಕಾಯಿತು. ನೀವು ಮೋಟು ಸ್ಟೂಲಿನ ಮೇಲೆ, ನಾನು ಎದುರಿಗೆ ನಿಂತು, ಮುಕ್ಕಾಲು ಗಂಟೆ. ಮುಂದಲೆ ಕತ್ತರಿಸುವಾಗ ನಿಮ್ಮ ಮುಖಕ್ಕೂ ನನ್ನ ಹೊಟ್ಟೆಗೂ ಒಂದು ಗೇಣೂ ಅಂತರವಿರಲಿಲ್ಲ. ಎಡಗಿವಿ ಹತ್ರ ಮೇಲೆ ಹೋಯ್ತು, ಕತ್ತರಿ ಹಿಡಿಯೋದು ಹಾಗಲ್ಲ ಅಂತ ಬೈದಿರಿ. ನಾಲ್ಕು ತಿಂಗಳಲ್ಲಿ ನೀವು ನನಗೆ ಹೇಳಿದ ಅತಿ ಉದ್ದನೆಯ ಮಾತು ಅದು.

ರಿಟೈರಾದ ಮೇಷ್ಟ್ರು ಪಕ್ಕದ ಊರಿನಲ್ಲಿ ಕಟಿಂಗ್ ಮಾಡಿಸಿಕೊಂಡು ಬಂದಿದ್ದಾರೆ. ಹಿಂದಲೆಯಲ್ಲಿ ಮೂರು ಮೆಟ್ಟಿಲು ಎದ್ದಿವೆ. ನಿನ್ನ ಗಂಡ ಬರೋವರೆಗೂ ಟೋಪಿ ತೆಗೆಯಲ್ಲಮ್ಮ ಅಂತ ಹೇಳಿದ್ದಾರೆ. ಸೆಖೆಯಲ್ಲಿ ಬೆವರುತ್ತಾ ಕೂತಿರುತ್ತಾರೆ, ಪಾಪ.

ಬರುವ ಗುರುವಾರ ಬನ್ನಿ. ಮೊದಲ ಸರದಿ ನಿಮಗೇ ಎಂದು ನರ್ಸಮ್ಮನಿಗೆ ಹೇಳಿದ್ದೇನೆ. ಆಮೇಲೆ ಮನೆಗೆ ಬನ್ನಿ.

ಇಂತಿ,
ನಿಮ್ಮ ಕತ್ತರಿಗೆ ಕೈ ಹಾಕಿದ ನಿಮ್ಮವಳು

ತಾ.ಕ.: ಒಂದು ಮಾತು ಬೇಕೆಂದೇ ಉಳಿಸಿಕೊಂಡಿದ್ದೆ. ಹೋದ ವಾರ ನರ್ಸಮ್ಮನನ್ನು ಕಾಡಿ ನಾನೂ ಒಂದು ಚೀಲ ಅಂಟಿಸಿಕೊಂಡೆ. ಹಿಟ್ಟಿನ ನೀರು ಸಾಕು ಅಂದಳು. ನನಗೆ ಸಾಲಲಿಲ್ಲ. ಮೂರು ದಿನ ಮುಚ್ಚಿಟ್ಟು ಕೊಳೆಸಿದ ಹಿಟ್ಟು ತುಂಬಿದೆ. ಮುಚ್ಚಳ ತೆಗೆದಾಗ, ಇಲಿ ಏನಾದ್ರೂ ಸತ್ತಿದೆಯಾ ಅಂತ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೇಳಿದಳು. ಭಾನುವಾರ ಎರಡು ಗಂಟೆ ಕಾಲ ಬಸ್ಸಿನಲ್ಲಿ ಕೂತು ಬಂದದ್ದು, ನಿಮ್ಮೆದುರು ನಿಂತು ಮುಂದಲೆ ಕತ್ತರಿಸಿದ್ದು, ಅದನ್ನು ಕಟ್ಟಿಕೊಂಡೇ. ಗಿರಾಕಿ ಬಾಗಿಲು ದಾಟುವ ಮೊದಲೇ ಅವನು ಏನು ತಿಂದು ಬಂದ ಎಂದು ಹೇಳುವ ಮೂಗು ನಿಮ್ಮದು. ಆ ಮೂಗಿಗೂ ಅದಕ್ಕೂ ನಡುವೆ ಒಂದು ಪದರ ಬಟ್ಟೆಯಿತ್ತು. ನಿಮಗೆ ಗೊತ್ತಾದದ್ದು ಎಡಗಿವಿಯೊಂದೇ.