ಹನ್ನೊಂದನೇ ಮರದ ಪೆಟ್ಟಿಗೆ

ಶುಕ್ರವಾರ, ಮಧ್ಯಾಹ್ನ

ಅಕ್ಕಾ,

ಅಕ್ಷರ ಸೊಟ್ಟಗಿದ್ದರೆ ಬೈಬೇಡ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಮಾತ್ರೆ ತಗೊಂಡ್ಯಾ? ಒಲೆ ಆರಿಸಿದ್ಯಾ? ಪಕ್ಕದ ಕೋಣೆಯಲ್ಲೇ ಇದ್ದೀಯ, ಆದರೂ ಎದುರು ಕೂತು ಹೇಳೋ ಧೈರ್ಯ ಇಲ್ಲ. ಇದನ್ನ ಬಾಗಿಲ ಸಂದಿಯಿಂದ ತಳ್ತೀನಿ.

ನನ್ನ ಕೆಲಸ ನಿನಗೆ ಗೊತ್ತು. ಕಾಡಿನ ಮರಗಳಿಗೆ ಕಟ್ಟಿದ ಪೆಟ್ಟಿಗೆಗಳು ಅಲ್ಲಿನ ಶಬ್ದ ಆಫೀಸಿಗೆ ಕಳಿಸ್ತವೆ. ಕೇಳಿ ಹಕ್ಕಿ, ಗಾಳಿ, ಮನುಷ್ಯ ಅಂತ ಗುರುತು ಒತ್ತೋದು ನಾವು. ಮನುಷ್ಯ ಅಂದ್ರೆ ಗಾರ್ಡುಗಳು ಜೀಪು ಹತ್ತುತ್ತಾರೆ. ಮೂರು ಸಲ ಹಕ್ಕಿ ಅಂದ್ರೆ ಆ ಪೆಟ್ಟಿಗೆಯನ್ನ ಆ ದಿನ ಯಾರೂ ಕೇಳಲ್ಲ, ರೆಕಾರ್ಡ್ ಮಾತ್ರ ಆಗ್ತಿರುತ್ತೆ. ಭಾವ ನನ್ನನ್ನ ತಮಾಷೆ ಮಾಡ್ತಿದ್ರಲ್ಲ, ಕಿವಿರಾಣಿ, ನಿನ್ನ ಪೆಟ್ಟಿಗೆ ಕಂಡ್ರೆ ನಿಂತು ಕ್ಷೇಮ ವಿಚಾರಿಸಿಯೇ ಮುಂದೆ ಹೋಗ್ತೀನಿ ಅಂತ.

ಸೋಮವಾರ ಬೆಳಿಗ್ಗೆ ಹನ್ನೊಂದನೇ ಪೆಟ್ಟಿಗೆಯಲ್ಲಿ ಕೊಡಲಿ ಪೆಟ್ಟು ಕೇಳಿತು. ನಾಲ್ಕು ಏಟು, ಒಂದು ಕೆಮ್ಮು, ಮತ್ತೆ ನಾಲ್ಕು. ಆ ಕೆಮ್ಮನ್ನ ಹನ್ನೆರಡು ವರ್ಷ ನಡುಗೋಡೆಯಾಚೆಯಿಂದ ಕೇಳಿದವಳು ನಾನು. ಹಿಂದಿನ ಸಲ ಭಾವ ಸಿಕ್ಕಿಬಿದ್ದು ಎಂಟು ತಿಂಗಳು ಜೈಲಲ್ಲಿದ್ರು, ನೀನು ಕಡ್ಡಿಯಾಗಿದ್ದೆ. ಇನ್ನೊಂದು ಸಲ ಅಂದ್ರೆ ಐದು ವರ್ಷ ಅಂದಿದ್ರು ಕೋರ್ಟಿನಲ್ಲಿ. ನಾನು ಮರಕುಟುಕ ಹಕ್ಕಿ ಅಂತ ಒತ್ತಿದೆ. ಮೂರು ಸಲ. ಆಮೇಲೆ ಚಹಾಕ್ಕೆ ಎದ್ದು ಹೋದೆ. ನನ್ನ ಗುಟ್ಟು ಯಾರಿಗೆ ಗೊತ್ತಾಯ್ತೋ ಅನ್ನೋ ಭಯದಲ್ಲಿ ಲೋಟ ಕೈಯಲ್ಲೇ ತಣ್ಣಗಾಯ್ತು.

ಮರಕ್ಕೆ ಹೋದರೆ ಎರಡು ದಿನ ಬರದಿರೋದು ಅವರ ರೂಢಿ, ಅದಕ್ಕೇ ನಾವಿಬ್ಬರೂ ಸುಮ್ಮನಿದ್ದೆವು. ಬುಧವಾರ ಸೌದೆಗೆ ಹೋದವರು ನೋಡಿದ್ರು. ಮರ ತಿರುಗಿ ಭಾವನ ಮೇಲೇ ಬಿದ್ದಿತ್ತು. ನರಳಿದ್ರಾ ಅಂತ ಕೇಳಿದೆ ನೀನು. ಇಲ್ಲ, ಬಿದ್ದ ಕೂಡಲೇ ಜೀವ ಹೋಯ್ತಂತೆ ಅಂದೆ ನಾನು.

ಮನುಷ್ಯ ಅಂತ ಒತ್ತಿದ್ರೆ ನಲವತ್ತು ನಿಮಿಷದಲ್ಲಿ ಜೀಪು ಅಲ್ಲಿರ್ತಿತ್ತು. ಜೈಲಿನಲ್ಲಾದರೂ ಇರ್ತಿದ್ರು. ಭಾನುವಾರ ಭಾನುವಾರ ನೀನು ಹೋಗಿ ಚೆನ್ನಾಗಿ ಬೈದು ಬರ್ತಿದ್ದೆ.

ನಾಳೆ ಸೂಪರ್‌ವೈಸರಿಗೆ ಎಲ್ಲಾ ಹೇಳ್ತೀನಿ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗೋದು ಬೇಡ ಅಂತ ಮೊದಲು ನಿನಗೆ ಬರೆದೆ. ಬಾಗಿಲು ತೆಗೀಬೇಕು ಅನ್ನಿಸದಿದ್ರೆ ತೆಗೀಬೇಡ. ಗಂಜಿ ಹೊರಗಿಟ್ಟಿದ್ದೀನಿ, ಅದನ್ನಾದ್ರೂ ತಗೋ.

ನಿನ್ನ ತಂಗಿ

ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಭಾವನ ಜೀವ ಕೂಡಲೇ ಹೋಗಲಿಲ್ಲ ಅಕ್ಕಾ. ಆ ದಿನದ ಉಳಿದ ಶಬ್ದವನ್ನೆಲ್ಲಾ ನಿನ್ನೆ ಕೂತು ಕೇಳಿದೆ. ಪೆಟ್ಟಿಗೆ ಅವರ ಕಣ್ಣಿಗೆ ಬಿದ್ದಿತ್ತು. ಸಂಜೆವರೆಗೂ ಅದನ್ನೇ ಕರೆದಿದ್ದಾರೆ. ಕಿವಿರಾಣಿ, ನಾನು ಕಣೇ, ಕೇಸು ಹಾಕಿದ್ರೆ ಹಾಕಲಿ, ಜೀಪು ಕಳಿಸು ಅಂತ.