ದಾಸಿಯ ಹೆಸರು

ಮಂಗಳವಾರ, ಅಕ್ಟೋಬರ್ 14. ಪ್ಲೇನೋ, ಅಮೆರಿಕ.

ಮೊಮ್ಮಗಳು ವೈಷ್ಣವಿ ಶಾಲೆಗಾಗಿ, ಬ್ರಿಟಿಷರು ಆಳುತ್ತಿದ್ದ ಕಾಲದ ಅಮೆರಿಕದ ಒಂದು ಮನೆಯ ಬಗ್ಗೆ ಬರೆಯುತ್ತಿದ್ದಾಳೆ. ಯಜಮಾನಿಯ ಹೆಸರು ಸಿಕ್ಕಿದೆ. ಅವಳ ಮಕ್ಕಳಿಗೆ ಹಾಲೂಡಿಸಿದ ಕಪ್ಪು ಗುಲಾಮ ಹೆಂಗಸಿನ ಹೆಸರು ಯಾವ ಕಾಗದದಲ್ಲೂ ಇಲ್ಲ.

“ಎಂಥಾ ಮಂದಿ ಇದ್ದರವಾ ಅವರು,” ಎಂದೆ.

“ಅಜ್ಜಿ, ನಿನ್ನ ಕಥಿಯೊಳಗ ರಾಣಿಯ ಬೇಬೀನ ಸೇವ್ ಮಾಡೋ ದಾಸಿ ಅದಾಳಲ್ಲ, ವಾಟ್ಸ್ ಹರ್ ನೇಮ್?”

ನಲವತ್ತು ವರ್ಷ ಹೇಳಿದ ಕಥೆ. ಅದರಲ್ಲಿ ಕುದುರೆಗೂ ಹೆಸರಿದೆ, ದಾಸಿಗಿಲ್ಲ.

ಶನಿವಾರ ಕನ್ನಡ ಶಾಲೆಯ ಮಕ್ಕಳಿಗೆ ಅದನ್ನೇ ಹೇಳಬೇಕು. ನನ್ನ ಬಾಣಂತನದಲ್ಲಿ ನನಗೂ ಕೂಸಿಗೂ ಎಣ್ಣೆ ಹಚ್ಚಿ ಎರೆದವಳ ಹೆಸರನ್ನೇ ದಾಸಿಗೆ ಇಡೋಣವೆಂದು ಕುಳಿತೆ. ಆಕೆಯ ಅಂಗೈಯ ಬಿಸಿ ಇನ್ನೂ ನೆನಪಿದೆ. ಮನೆಯಲ್ಲಿ ಎಲ್ಲರೂ ಆಕೆಯನ್ನು ಎರಿಯಾಕಿ ಎಂದೇ ಕರೆಯುತ್ತಿದ್ದೆವು. ಆಕೆಯ ಹೆಸರೇನೆಂದು ಕೇಳಿದ್ದೆನೇ? ಒಮ್ಮೆಯಾದರೂ…